ಹಳೆಯ ವಿಮಾನದ ಲೆಕ್ಕಪುಸ್ತಕ

ನಮ್ಮ ಮನೆತನಗಳಲ್ಲಿ ಅಂಗಡಿ ಕೊಳ್ಳುವ ಮಾತು ಬರುತ್ತದೆ, ಗೋದಾಮಿನ ಮಾತು ಬರುತ್ತದೆ, ಹೆಚ್ಚೆಂದರೆ ಒಂದು ಲಾರಿಯ ಮಾತು ಬರುತ್ತದೆ. ಜವಳಗಿರಿಯಲ್ಲಿ ಹುಣಸೆಹಣ್ಣು, ರಾಗಿ, ಹುರುಳಿ ತೂಗುತ್ತ ನಲವತ್ತು ವರ್ಷ ಕಳೆದ ನನ್ನ ಮುಂದೆ ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಬಂದದ್ದು ವಿಮಾನ ಕೊಳ್ಳುವ ಮಾತು.

ನನ್ನ ತಮ್ಮನ ಮಗ ವಿಮಾನ ನಡೆಸಲು ಕಲಿತವನು. ನಾಲ್ವರು ಗೆಳೆಯರ ಜೊತೆ ಸೇರಿ ಒಂದು ಹಳೆಯ ಸೆಸ್ನಾ 172 ವಿಮಾನವನ್ನು ಪಾಲಿನಲ್ಲಿ ಕೊಳ್ಳಬೇಕೆಂದು ಅವನ ಆಸೆ. ನಾಲ್ಕು ಆಸನ, ಒಂದೇ ಎಂಜಿನ್, 1970ರ ದಶಕದಲ್ಲಿ ತಯಾರಾದದ್ದು. ಕೇಳಿದ ಬೆಲೆ 45 ಲಕ್ಷ, ಇವನ ಪಾಲು 9 ಲಕ್ಷ. "ದೊಡ್ಡಪ್ಪ, ಒಂದು ಒಳ್ಳೆ ಕಾರಿನ ಬೆಲೆಯೂ ಅಲ್ಲ" ಎಂದ. ನಮ್ಮದು ಇನ್ನೂ ಒಟ್ಟು ವ್ಯಾಪಾರ. ಸಹಿ ನನ್ನದಾಗಬೇಕು. ತಮ್ಮ ನನ್ನ ಮುಖ ನೋಡಿದ. ಮೂಲೆಯಲ್ಲಿ ಕುಳಿತಿದ್ದ ನಮ್ಮ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಅದು ಸುಮ್ಮನೆ ನಿಂತಿರೋವಾಗ ಅದನ್ನ ಯಾರು ನೋಡ್ಕೋತಾರೆ?"

ಎಲ್ಲರೂ ನಕ್ಕೆವು. ಆದರೆ ಆಮೇಲಿನ ಎರಡು ತಿಂಗಳು ನಾನು ಓಡಾಡಿ, ಕೇಳಿ, ಓದಿ ತಿಳಿದುಕೊಂಡದ್ದೆಲ್ಲ ಆ ಪ್ರಶ್ನೆಯ ಸುತ್ತಲೇ ತಿರುಗಿತು. ನಮ್ಮ ಸಮಾಜದ ಮಕ್ಕಳು ಈಗ ಪೈಲಟ್‌ಗಳಾಗುತ್ತಿದ್ದಾರೆ. ನಾಳೆ ಇದೇ ಮಾತು ನಿಮ್ಮ ಮನೆಗೂ ಬರಬಹುದು. ಅದಕ್ಕಾಗಿ ಈ ಬರಹ.

ನಮ್ಮ ದಾರಿಯ ಪಕ್ಕದಲ್ಲೇ

ಜವಳಗಿರಿಯಿಂದ ತಳಿಯ ಮೇಲೆ ಹೊಸೂರಿಗೆ ಹೋಗುವಾಗ ಬೆಳಗೊಂಡಪಲ್ಲಿ ಸಿಗುತ್ತದೆ. ಅಲ್ಲಿ ತನೇಜಾ ಏರೋಸ್ಪೇಸ್ ಎಂಬ ಖಾಸಗಿ ಕಂಪನಿಯ ವಿಮಾನ ನಿಲ್ದಾಣವಿದೆ. ಸುಮಾರು ಏಳು ಸಾವಿರ ಅಡಿ ಉದ್ದದ ಓಟದ ಹಾದಿ. 1990ರ ದಶಕದಲ್ಲಿ ಈ ಕಂಪನಿ ಇಟಲಿಯ ಪಾರ್ಟೆನಾವಿಯಾ ಕಂಪನಿಯ ಸಹಯೋಗದಲ್ಲಿ ಪಿ-68ಸಿ ಎಂಬ ಆರು ಆಸನಗಳ, ಎರಡು ಎಂಜಿನ್‌ಗಳ ಪುಟ್ಟ ವಿಮಾನವನ್ನು ಇಲ್ಲಿಯೇ ತಯಾರಿಸಲು ತೊಡಗಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಎರಡು ಆಸನದ 'ಹಂಸ' ವಿಮಾನದ ಕೆಲಸವೂ ಇಲ್ಲಿ ನಡೆಯಿತು. ರಾಗಿ ಹೊಲಗಳ ನಡುವೆ ವಿಮಾನ ತಯಾರಾಗುತ್ತದೆಂದು ನಾವೆಲ್ಲ ಬಸ್ಸಿನ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದೆವು.

ತಯಾರಾದ ಪುಟ್ಟ ವಿಮಾನಗಳ ಸಂಖ್ಯೆ ಬಹಳ ಬೆಳೆಯಲಿಲ್ಲ. ನಮ್ಮ ದೇಶದಲ್ಲಿ ಸ್ವಂತಕ್ಕೆ ಚಿಕ್ಕ ವಿಮಾನ ಕೊಳ್ಳುವವರು ಕಡಿಮೆ. ಆದರೆ ಆ ನಿಲ್ದಾಣ ಮುಚ್ಚಲಿಲ್ಲ. ಬಿಡಿಭಾಗಗಳ ತಯಾರಿಕೆ ಉಳಿಯಿತು, ಬೇರೆಯವರ ವಿಮಾನಗಳ ತಪಾಸಣೆ ಮತ್ತು ರಿಪೇರಿ ಬೆಳೆಯಿತು. ದೊಡ್ಡ ಕಂಪನಿಗಳ ಪ್ರಯಾಣಿಕ ವಿಮಾನಗಳೂ ರಿಪೇರಿಗೆಂದು ಅಲ್ಲಿ ಬಂದು ಇಳಿದಿವೆ.

ಇದು ಹೊಸ ಕಥೆಯೇನಲ್ಲ. ಸೊಲ್ಲಾಪುರದ ಜೈನ ಮನೆತನದಲ್ಲಿ 1882ರಲ್ಲಿ ಹುಟ್ಟಿದ ವಾಲ್‌ಚಂದ್ ಹಿರಾಚಂದ್ ಅವರ ಹೆಸರನ್ನು ನಮ್ಮ ಓದುಗರು ಕೇಳಿಯೇ ಇರುತ್ತಾರೆ. ಹಡಗಿನ ವ್ಯಾಪಾರ ಕಟ್ಟಿದ ಅವರು 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಉದ್ದೇಶ ವಿಮಾನ ತಯಾರಿಸುವುದು. 1941ರಲ್ಲಿ ಅಲ್ಲಿ ಜೋಡಿಸಿದ ಮೊದಲ ತರಬೇತಿ ವಿಮಾನ ಹಾರಿತು. ಆದರೆ 1942ರಲ್ಲಿ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಯುದ್ಧದ ಉಳಿದ ವರ್ಷಗಳಲ್ಲಿ ಅಲ್ಲಿ ಮುಖ್ಯವಾಗಿ ನಡೆದದ್ದು ಅಮೆರಿಕನ್ ಸೇನೆಯ ವಿಮಾನಗಳ ರಿಪೇರಿ, ಎಂಜಿನ್‌ಗಳ ಓವರ್‌ಹಾಲ್. ಯುದ್ಧ ಮುಗಿದ ಮೇಲೆ ಡಕೋಟಾ ವಿಮಾನಗಳನ್ನು ಬಿಚ್ಚಿ, ತಿದ್ದಿ, ಪ್ರಯಾಣಿಕರಿಗೆ ಒಪ್ಪುವಂತೆ ಮಾಡಿಕೊಟ್ಟರು. ಅಂದಿನ ಆ ಕಂಪನಿಯೇ ಇಂದಿನ ಎಚ್.ಎ.ಎಲ್.

ವಿಮಾನದ ವ್ಯವಹಾರದಲ್ಲಿ ನಿಜವಾದ ಕೆಲಸ ಎಲ್ಲಿದೆ ಎಂಬುದು ನನಗೆ ಇವೆರಡರಿಂದ ಸ್ವಲ್ಪ ಹೊಳೆಯಿತು.

ಹಳೆಯದಾದರೆ ಕೆಟ್ಟದ್ದೇ?

ನನಗಿದ್ದ ಮೊದಲ ಭಯ ವಿಮಾನದ ವಯಸ್ಸು. ಐವತ್ತು ವರ್ಷದ ಲಾರಿಯನ್ನು ಯಾರಾದರೂ ಕೊಳ್ಳುತ್ತಾರೆಯೇ? ಇಲ್ಲಿ ನನ್ನ ಎಣಿಕೆ ತಪ್ಪಾಗಿತ್ತು.

ಜೆ.ಆರ್.ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಪಸ್ ಮಾತ್ ಎಂಬ ಚಿಕ್ಕ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಟಪಾಲು ತಂದದ್ದು ಎಲ್ಲರಿಗೂ ಗೊತ್ತು. ಅದರ ಐವತ್ತನೆಯ ವರ್ಷ, 1982ರಲ್ಲಿ, 78ರ ವಯಸ್ಸಿನಲ್ಲಿ ಅವರು ಮತ್ತೆ ಅದೇ ದಾರಿಯಲ್ಲಿ ಒಬ್ಬರೇ ಹಾರಿದರು. ಆಗ ಅವರು ಕುಳಿತದ್ದು 1930ರ ದಶಕದ ಲೆಪರ್ಡ್ ಮಾತ್ ವಿಮಾನದಲ್ಲಿ. ಮರ ಮತ್ತು ಬಟ್ಟೆಯ ಆ ವಿಮಾನ ಐವತ್ತರ ಹತ್ತಿರದ್ದು.

ನಮ್ಮ ಎಚ್.ಎ.ಎಲ್. ತಯಾರಿಸಿದ 'ಪುಷ್ಪಕ್' 1958ರಲ್ಲಿ ಮೊದಲು ಹಾರಿತು. ಎರಡು ಆಸನ, 90 ಅಶ್ವಶಕ್ತಿಯ ಎಂಜಿನ್, ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಬಟ್ಟೆಯ ಹೊದಿಕೆ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ಇಡೀ ತಲೆಮಾರು ಅದರಲ್ಲಿ ಕಲಿತಿತು. ಇನ್ನು ಸೆಸ್ನಾ 172ರ ಮಾತು. 1956ರಿಂದ ಮಾರಾಟಕ್ಕೆ ಬಂದ ಈ ಮಾದರಿಯಲ್ಲಿ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ಜಗತ್ತಿನಲ್ಲಿ ಬೇರಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಅಮೆರಿಕದಲ್ಲಿ ಅಪಘಾತ ಪರಿಹಾರದ ದಾವೆಗಳ ಹೊರೆ ಹೆಚ್ಚಾಗಿ 1986ರಲ್ಲಿ ಕಂಪನಿ ಇದರ ತಯಾರಿಕೆ ನಿಲ್ಲಿಸಿತು. 18 ವರ್ಷ ದಾಟಿದ ವಿಮಾನಕ್ಕೆ ತಯಾರಕರ ಹೊಣೆ ಇಲ್ಲವೆಂದು 1994ರಲ್ಲಿ ಅಲ್ಲಿ ಕಾನೂನು ಬಂದ ಮೇಲೆ, 1996ರಲ್ಲಿ ಮತ್ತೆ ಆರಂಭಿಸಿತು. ಹೀಗಾಗಿ ಪೇಟೆಯಲ್ಲಿ ಹಳೆಯ ಸೆಸ್ನಾಗಳೇ ಬಹಳ.

ಅಂದರೆ ವಯಸ್ಸು ದೋಷವಲ್ಲ. ಆ ವಯಸ್ಸನ್ನು ಅದು ಹೇಗೆ ಕಳೆಯಿತು ಎಂಬುದೇ ಪ್ರಶ್ನೆ.

ನಿಂತ ಎಂಜಿನ್ನಿನ ಸಾಲ

ವಿಮಾನದ ಎಂಜಿನ್ ಓಡಿದರೆ ಸವೆಯುತ್ತದೆ, ನಿಂತರೆ ತುಕ್ಕು ಹಿಡಿಯುತ್ತದೆ. ಸೆಸ್ನಾದಲ್ಲಿ ಹೆಚ್ಚಾಗಿ ಇರುವುದು ಲೈಕಮಿಂಗ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಕ್ಯಾಮ್ ಶಾಫ್ಟ್ ಎಂಜಿನ್ನಿನ ಮೇಲ್ಭಾಗದಲ್ಲಿದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಎಣ್ಣೆಯೆಲ್ಲ ಕೆಳಗಿಳಿದು ಆ ಉಕ್ಕು ಬರಿದಾಗುತ್ತದೆ. ಮಳೆಗಾಲದ ತೇವ ಅದಕ್ಕೆ ಅಂಟುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ಇದನ್ನು ಬಲ್ಲ ತಯಾರಕರು ಎರಡು ಗಡುವು ಹಾಕಿದ್ದಾರೆ. ಈ ಜಾತಿಯ ಎಂಜಿನ್ನನ್ನು ಸಾಮಾನ್ಯವಾಗಿ 2000 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಅಷ್ಟು ಓಡದಿದ್ದರೂ 12 ವರ್ಷಕ್ಕೆ ಮಾಡಬೇಕು. ಯಾವುದು ಮೊದಲೋ ಅದು.

ವ್ಯಾಪಾರಿಯ ಲೆಕ್ಕ ಇಲ್ಲಿಂದ ಶುರು. ಓವರ್‌ಹಾಲ್ ಖರ್ಚು 36 ಲಕ್ಷ ಎಂದು ಲೆಕ್ಕದ ಅನುಕೂಲಕ್ಕೆ ಹಿಡಿಯೋಣ. 2000 ಗಂಟೆ ಪೂರ್ತಿ ಓಡಿದರೆ ಗಂಟೆಗೆ 1800 ರೂಪಾಯಿ ಎತ್ತಿಡಬೇಕು. ಐದು ಜನ ಸೇರಿ ವರ್ಷಕ್ಕೆ 100 ಗಂಟೆ ಹಾರಿಸಿದರೆ 12 ವರ್ಷಕ್ಕೆ 1200 ಗಂಟೆ, ಗಂಟೆಗೆ 3000. ಉತ್ಸಾಹ ಇಳಿದು ವರ್ಷಕ್ಕೆ 50 ಗಂಟೆಗೆ ಬಂದರೆ 600 ಗಂಟೆ, ಗಂಟೆಗೆ 6000. ಕಡಿಮೆ ಹಾರಿಸಿದಷ್ಟೂ ಗಂಟೆಯ ಖರ್ಚು ಏರುತ್ತದೆ. ನಾವು ಗೋದಾಮಿಗೆ ಸವಕಳಿ ಬರೆಯುತ್ತೇವೆ. ಗೋದಾಮು ಖಾಲಿ ಇದ್ದರೆ ಕುಸಿದು ಯಾರ ತಲೆಯ ಮೇಲೂ ಬೀಳುವುದಿಲ್ಲ. ಇದು ಹಾಗಲ್ಲ.

ಇದರ ಮೇಲೆ ಇಂಧನ. ಪೆಟ್ರೋಲ್ ಬಂಕಿನಲ್ಲಿ ಇದು ಸಿಗದು. ನೀಲಿ ಬಣ್ಣದ ಆವ್‌ಗ್ಯಾಸ್ ಎಂಬುದನ್ನು ಪೀಪಾಯಿ ಲೆಕ್ಕದಲ್ಲಿ ತರಿಸಬೇಕು, ಗಂಟೆಗೆ ಮೂವತ್ತರಿಂದ ಮೂವತ್ತೈದು ಲೀಟರ್ ಹಿಡಿಯಬೇಕು. ಹ್ಯಾಂಗರ್ ಬಾಡಿಗೆ, ವಿಮೆ, ಲೈಸೆನ್ಸ್ ಪಡೆದ ಎಂಜಿನಿಯರ್ ಸಂಬಳ, ಹಾರಾಟ ಯೋಗ್ಯತೆಯ ಪ್ರಮಾಣಪತ್ರದ ನವೀಕರಣ ಬೇರೆ. ಹೊರದೇಶದಿಂದ ಸ್ವಂತ ಬಳಕೆಗೆ ವಿಮಾನ ತರಿಸುವವರಿಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ನೂರಕ್ಕೆ 40. ಗೆಳೆಯರಿಗೆ ಬಾಡಿಗೆಗೆ ಕೊಟ್ಟು ಖರ್ಚು ತೂಗಿಸುತ್ತೇವೆಂದು ಹುಡುಗರು ಹೇಳಿದ್ದರು. ಖಾಸಗಿ ವರ್ಗದಲ್ಲಿ ನೋಂದಾಯಿಸಿದ ವಿಮಾನಕ್ಕೆ ಅದು ಸಲ್ಲದು. ಬಾಡಿಗೆಗೆ ಬೇರೆಯೇ ಪರವಾನಗಿ ಬೇಕು.

ತಪಾಸಣೆಯ ಕ್ರಮ

ಒಬ್ಬ ನಿವೃತ್ತ ವಿಮಾನ ಎಂಜಿನಿಯರ್ ನನಗೆ ತಾಳ್ಮೆಯಿಂದ ವಿವರಿಸಿದರು. ಅವರ ಮಾತು ಕೇಳುತ್ತಿದ್ದರೆ ನಮ್ಮ ತಂದೆಯವರು ಕಿರ್ದಿ ಬರೆಯಲು ಕಲಿಸಿದ್ದು ನೆನಪಾಯಿತು.

ಪ್ರತಿ ಹಾರಾಟಕ್ಕೂ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಟ್ಟಲಿಗೆ ಬಿಟ್ಟು ನೀರು ಸೇರಿದೆಯೇ ನೋಡಬೇಕು. ಪ್ರತಿ ಸಿಲಿಂಡರಿಗೂ ಎರಡು ಪ್ಲಗ್, ಎಂಜಿನ್ನಿಗೆ ಎರಡು ಮ್ಯಾಗ್ನೆಟೊ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲಬಾರದೆಂದು ಈ ಏರ್ಪಾಡು. ಮೇಲೇರುವ ಮೊದಲು ಒಂದೊಂದನ್ನೇ ಆರಿಸಿ, ಎಂಜಿನ್ನಿನ ಸುತ್ತು ಎಷ್ಟು ಇಳಿಯಿತೆಂದು ಗಮನಿಸಬೇಕು. ಸುಮಾರು 50 ಗಂಟೆಗೆ ಎಣ್ಣೆ ಬದಲು. ಹಳೆಯ ಫಿಲ್ಟರನ್ನು ಬಿಸಾಡುವಂತಿಲ್ಲ. ಕೊಯ್ದು, ಮಡಿಕೆ ಬಿಡಿಸಿ, ಲೋಹದ ಚೂರು ಹೊಳೆಯುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. 100 ಗಂಟೆಗೆ ದೊಡ್ಡ ತಪಾಸಣೆ.

ನನ್ನನ್ನು ಬೆಚ್ಚಿಸಿದ್ದು ಎಂಜಿನ್ ಅಲ್ಲ, ಪೈಲಟ್ ಕೂರುವ ಸೀಟು. ಸೆಸ್ನಾದ ಸೀಟು ಒಂದು ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ. ಹಳಿಯಲ್ಲಿ ತೂತುಗಳಿವೆ, ತೂತಿಗೆ ಪಿನ್ನು ಬಿದ್ದು ಸೀಟು ನಿಲ್ಲುತ್ತದೆ. ವರ್ಷಗಳಲ್ಲಿ ತೂತು ಸವೆದು ಅಗಲವಾದರೆ, ವಿಮಾನ ಮೂತಿ ಎತ್ತಿ ಏರುವಾಗ ಸೀಟು ಜಾರಿ ಹಿಂದಕ್ಕೆ ಹೋಗುತ್ತದೆ. ಪೈಲಟ್ ಕೈಯಲ್ಲಿದ್ದ ಹಿಡಿಕೆಯನ್ನೂ ಎಳೆದುಕೊಂಡೇ ಹಿಂದೆ ಸರಿಯುತ್ತಾನೆ. ಮೂತಿ ಇನ್ನೂ ಮೇಲಕ್ಕೆದ್ದು ವೇಗ ಕಳೆದುಕೊಂಡು ವಿಮಾನ ಬೀಳುತ್ತದೆ. ಇಂಥ ಅಪಘಾತಗಳು ನಡೆದ ಮೇಲೆ ಅಮೆರಿಕದ ವಿಮಾನಯಾನ ಇಲಾಖೆ 1987ರಲ್ಲಿ, ಆ ಹಳಿಗಳನ್ನು 100 ಗಂಟೆಗೊಮ್ಮೆ ಅಳೆದು ನೋಡಬೇಕೆಂದು ಆಜ್ಞೆ ಹೊರಡಿಸಿತು. 2011ರಲ್ಲಿ ಅದನ್ನು ಹೊಸದಾಗಿ ಮತ್ತೆ ಹೊರಡಿಸಿತು. ಒಂದು ತೂತಿನ ಸವೆತಕ್ಕೆ ನಾಲ್ಕು ಜೀವದ ಬೆಲೆ.

ಆ ವಿಮಾನ ನೋಡಲು ಹೋದದ್ದು

ವಿಮಾನಕ್ಕೆ ಒಂದು ಲಾಗ್ ಬುಕ್, ಎಂಜಿನ್ನಿಗೆ ಒಂದು, ಪ್ರೊಪೆಲರಿಗೆ ಒಂದು. ಓಡಿದ ಗಂಟೆ, ಬದಲಿಸಿದ ಭಾಗ, ಪಾಲಿಸಿದ ಆಜ್ಞೆ ಎಲ್ಲವೂ ತಾರೀಖು ಸಹಿತ, ಎಂಜಿನಿಯರ್ ಸಹಿ ಸಹಿತ ಅಲ್ಲಿರಬೇಕು. "ಯಜಮಾನರೇ, ನೀವು ಕೊಳ್ಳೋದು ವಿಮಾನವಲ್ಲ, ಆ ಪುಸ್ತಕ" ಎಂದರು ನಮ್ಮ ಎಂಜಿನಿಯರ್. ಅವರನ್ನೂ ಕರೆದುಕೊಂಡು ಹೋದೆವು.

ಬಿಳಿ ಬಣ್ಣ, ಕೆಂಪು ಪಟ್ಟಿ. ನೋಡಲು ಮುದ್ದಾಗಿತ್ತು. ಹುಡುಗ ರೆಕ್ಕೆಯ ಮೇಲೆ ಕೈಯಿಟ್ಟು ನಿಂತ ರೀತಿ ನೋಡಿ ನನಗೂ ಮನಸ್ಸು ಕರಗಿತು. ಎಂಜಿನಿಯರ್ ವಿಮಾನದ ಕಡೆ ತಿರುಗಲಿಲ್ಲ, ಪುಸ್ತಕ ಕೇಳಿದರು. ಎಂಜಿನ್ನಿನ ಪುಸ್ತಕದಲ್ಲಿ ಒಂದು ಕಡೆ ಬೆರಳಿಟ್ಟರು. ಎರಡು ಮಳೆಗಾಲ ಪೂರ್ತಿ ಒಂದು ಸಾಲೂ ಬರೆದಿರಲಿಲ್ಲ. ಹಾರಿರಲಿಲ್ಲ. ಎಂಜಿನ್ನನ್ನು ಎಣ್ಣೆ ತುಂಬಿ ಜೋಪಾನ ಮಾಡಿದ ದಾಖಲೆಯೂ ಇರಲಿಲ್ಲ. ಸೀಟಿನ ಹಳಿ ಅಳೆದ ನಮೂದೂ ಸಿಗಲಿಲ್ಲ. ಕೇಳಿದರೆ, "ಸುಮ್ಮನೆ ನಿಂತಿತ್ತು ಸಾರ್, ಏನೂ ಆಗಿಲ್ಲ" ಎಂಬ ಉತ್ತರ.

ನಮ್ಮ ತಾಯಿಯ ಪ್ರಶ್ನೆ ನೆನಪಾಯಿತು. ನಾನು ಸಹಿ ಹಾಕಲಿಲ್ಲ.

ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ, "ದೊಡ್ಡಪ್ಪ, ನೀವು ಎಲ್ಲವನ್ನೂ ತಕ್ಕಡೀಲೇ ತೂಗ್ತೀರಿ" ಎಂದ. ಐದಾರು ತಿಂಗಳು ನನ್ನ ಜೊತೆ ಕೂತು ಊಟ ಮಾಡಲಿಲ್ಲ. ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ನಾನು ಹೆದರಿದ್ದು 9 ಲಕ್ಷಕ್ಕಲ್ಲ ಎಂದು ಅವನಿಗೆ ಹೇಳುವ ಬಗೆ ನನಗೆ ತಿಳಿಯಲಿಲ್ಲ.

ಓದುಗರಿಗೆ ನಾಲ್ಕು ಮಾತು

ಮಕ್ಕಳು ಕೇಳಿದರೆ ನಗಬೇಡಿ, ಕೂಡಲೇ ಒಪ್ಪಲೂ ಬೇಡಿ. ಕ್ರಯದ ಹಣವನ್ನು ಕೊನೆಗೆ ನೋಡಿ. ಮೊದಲು ಮೂರು ಪುಸ್ತಕ ನೋಡಿ. ಮಾರುವವರಿಗೆ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರಿಂದ ತಪಾಸಣೆ ಮಾಡಿಸಿ, ಆ ಶುಲ್ಕಕ್ಕೆ ಹಿಂದೆಮುಂದೆ ನೋಡಬೇಡಿ. ಪಾಲುದಾರರಿದ್ದರೆ ಯಾರು ಎಷ್ಟು ಗಂಟೆ, ಒಬ್ಬ ಬಿಟ್ಟರೆ ಅವನ ಪಾಲು ಯಾರಿಗೆ, ಎಂಬುದೆಲ್ಲ ಬರವಣಿಗೆಯಲ್ಲಿರಲಿ. ಓವರ್‌ಹಾಲ್ ಹಣವನ್ನು ಮೊದಲ ತಿಂಗಳಿಂದಲೇ ಬೇರೆ ಖಾತೆಯಲ್ಲಿ ಹಾಕಿ, ಅದನ್ನು ವ್ಯಾಪಾರಕ್ಕೆ ಮುಟ್ಟಬೇಡಿ. 1934ರ ಹಳೆಯ ವಿಮಾನ ಕಾಯಿದೆಯ ಜಾಗದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ. ಆದ್ದರಿಂದ ಹಳಬರ ಬಾಯಿಮಾತು ನಂಬದೆ ಇಂದಿನ ನಿಯಮ ವಿಚಾರಿಸಿ.

ಕಳೆದ ತಿಂಗಳು ಹುಡುಗ ಅಂಗಡಿಗೆ ಬಂದ. ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಒಂದು ಕಡತ ಬಿಚ್ಚಿದ. ಬೇರೊಂದು ವಿಮಾನದ ಮೂರು ಲಾಗ್ ಬುಕ್ಕುಗಳ ನಕಲು. ಜೊತೆಗೆ ಒಂದು ಹಾಳೆಯಲ್ಲಿ ಅವನೇ ಬರೆದ ಲೆಕ್ಕ: ವರ್ಷಕ್ಕೆ ಎಷ್ಟು ಗಂಟೆ, ಗಂಟೆಗೆ ಎಷ್ಟು ಎತ್ತಿಡಬೇಕು, ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸಬೇಕು, ಆಗ ವಾರಕ್ಕೊಮ್ಮೆ ಬಂದು ನೋಡುವವರು ಯಾರು. ಕೊನೆಯ ಸಾಲಿನಲ್ಲಿ ಅವನ ಹೆಸರೇ ಇತ್ತು.

ನಾನಿನ್ನೂ ಸಹಿ ಹಾಕಿಲ್ಲ. ನಮ್ಮ ಎಂಜಿನಿಯರ್ ಮೊದಲು ನೋಡಿ ಬರಲಿ. ಆದರೆ ಆ ಹಾಳೆಯನ್ನು ಮನೆಗೆ ಒಯ್ದು ತಾಯಿಗೆ ಓದಿ ಹೇಳಿದೆ. "ಈಗ ಸರಿ" ಎಂದರು.