ಬುರುಡೆಗೆ ಇಂಗ್ಲಿಷಿನ ಹೆಸರುಗಳು

1820ರ ಫೆಬ್ರವರಿ. ಅಮೆರಿಕದ ಕಾಂಗ್ರೆಸ್ಸಿನ ಕೆಳಮನೆಯಲ್ಲಿ ಮಿಸ್ಸೂರಿ ಚರ್ಚೆ ಎಳೆದೂ ಎಳೆದೂ ಎಲ್ಲರಿಗೂ ಸಾಕಾಗಿತ್ತು. ಹೊಸದಾಗಿ ಸೇರಲಿದ್ದ ಆ ರಾಜ್ಯದಲ್ಲಿ ಗುಲಾಮಗಿರಿಗೆ ಅವಕಾಶ ಕೊಡಬೇಕೆ, ಬೇಡವೆ ಎಂಬುದು ಪ್ರಶ್ನೆ. ಇನ್ನೇನು ಮತಕ್ಕೆ ಹಾಕಬೇಕು, ಆಗ ನಾರ್ತ್ ಕ್ಯಾರೊಲಿನಾದ ಸದಸ್ಯ ಫೀಲಿಕ್ಸ್ ವಾಕರ್ ಭಾಷಣಕ್ಕೆ ಎದ್ದು ನಿಂತ. ಸಾಕು ಕೂತ್ಕೊಳ್ಳಯ್ಯ ಎಂದು ಸುತ್ತಲಿನವರು ಗದ್ದಲ ಮಾಡಿದರೂ ಬಿಡಲಿಲ್ಲ. ತಾನು ಮಾತಾಡುತ್ತಿರುವುದು ಈ ಸಭೆಗಲ್ಲ, ತನಗೆ ಮತ ಕೊಟ್ಟ ಬಂಕಂ ಕೌಂಟಿಯವರಿಗೆ ಎಂಬುದು ಅವನ ಸಮಜಾಯಿಷಿ.

ಹತ್ತು ವರ್ಷ ತುಂಬುವ ಮೊದಲೇ ‘ಬಂಕಂಗೆ ಮಾತಾಡುವುದು’ ಎಂಬ ನುಡಿ ಅಚ್ಚಿನಲ್ಲಿ ಕಾಣಿಸಿಕೊಂಡಿತು. ಊರಿನ ಹೆಸರು ಬೊಗಳೆಯ ಹೆಸರಾಯಿತು. ಮುಂದೆ ಅದು ಸವೆದು ‘ಬಂಕ್’ ಆಗಿ, ಚರಿತ್ರೆಯೆಂದರೆ ಹೆಚ್ಚುಕಮ್ಮಿ ಅದೇ ಎಂದು 1916ರಲ್ಲಿ ಕಾರು ತಯಾರಕ ಹೆನ್ರಿ ಫೋರ್ಡ್ ಹೇಳಿ ನಗೆಪಾಟಲಾದ. 1923ರಲ್ಲಿ ವಿಲಿಯಂ ವುಡ್‌ವರ್ಡ್ ತನ್ನ ಕಾದಂಬರಿಯೊಂದರಲ್ಲಿ ‘ಡಿಬಂಕ್’ ಎಂಬ ಕ್ರಿಯಾಪದ ಹೊಸೆದ. ಇಂದು ವಾಟ್ಸ್‌ಆ್ಯಪ್ ಸುಳ್ಳುಗಳನ್ನು ಬಯಲಿಗೆಳೆಯುವವರ ಬಾಯಲ್ಲಿ ಸದಾ ಇರುವ ಪದ ಅದೇ. (ನಮ್ಮ ಹುಡುಗರು ಕ್ಲಾಸಿಗೆ ಹೊಡೆಯುವ ಬಂಕಿಗೂ ಪೆಟ್ರೋಲ್ ಬಂಕಿಗೂ ಇದಕ್ಕೂ ನೆಂಟಸ್ತನವಿಲ್ಲ.)

ವಾಕರ್ ದಡ್ಡನೇನಲ್ಲ. ತನ್ನ ಮಾತು ಯಾರ ಕಿವಿಗೆ ಬೀಳಬೇಕು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷಿನಲ್ಲಿ ಬುರುಡೆಗೆ ಇರುವ ಹೆಸರುಗಳನ್ನು ಕೆದಕಿದಷ್ಟೂ ಇಂಥ ಲೆಕ್ಕಾಚಾರದವರೇ ಸಿಗುತ್ತಾರೆ. 18ನೇ ಶತಮಾನದ ಲಂಡನ್ನಿನ ನಾಟಕದವರಿಗೆ ‘ಕ್ಲಾಪ್‌ಟ್ರ್ಯಾಪ್’ ಎಂದರೆ ಚಪ್ಪಾಳೆ ಹಿಡಿಯುವ ಬೋನು. ಕತೆಗೆ ಬೇಕಿರಲಿ ಬಿಡಲಿ, ಜನ ಕೈತಟ್ಟಲಿ ಎಂದೇ ತುರುಕಿದ ಮಾತು ಅದು.

ಕಚೇರಿಯ ಬುರುಡೆಗೆ ಹೆಸರು ಸಿಕ್ಕಿದ್ದು ತಡವಾಗಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸಣ್ಣ ಕಾರ್ಖಾನೆಗಳ ಸರ್ಕಾರಿ ನಿಗಮವೊಂದರ ಮುಖ್ಯಸ್ಥನಾಗಿದ್ದ ಟೆಕ್ಸಸ್‌ನ ಮೌರಿ ಮ್ಯಾವೆರಿಕ್‌ಗೆ ಕಡತಗಳ ಭಾಷೆ ಓದಿ ತಲೆ ಕೆಟ್ಟಿತು. 1944ರಲ್ಲಿ ಸಿಬ್ಬಂದಿಗೆ ಒಂದು ಟಿಪ್ಪಣಿ ಕಳಿಸಿದ: ಚಿಕ್ಕದಾಗಿ, ನೇರವಾಗಿ ಬರೆಯಿರಿ, ‘ಇಂಪ್ಲಿಮೆಂಟೇಶನ್’ ಎಂದು ಬರೆದವರಿಗೆ ಗುಂಡು ಬೀಳುತ್ತದೆ! ಆ ಭಾಷೆಗೆ ಅವನಿಟ್ಟ ಹೆಸರು ‘ಗಾಬಲ್ಡಿಗೂಕ್’. ಜಂಬದಿಂದ ಎದೆಯುಬ್ಬಿಸಿ ಗೊಳಗೊಳ ಸದ್ದು ಮಾಡುವ ಟರ್ಕಿ ಕೋಳಿಯ ನೆನಪಿನಲ್ಲಿ ಹುಟ್ಟಿದ್ದಂತೆ ಅದು. ಸುತ್ತೋಲೆ ಓದಿದ ಯಾರಿಗಾದರೂ ಆ ಕೋಳಿಯ ಪರಿಚಯ ಇದ್ದೇ ಇರುತ್ತದೆ. ಅಂದಹಾಗೆ, ಯಾರ ಹಿಂಡಿಗೂ ಸೇರದವನಿಗೆ ‘ಮ್ಯಾವೆರಿಕ್’ ಎನ್ನುವ ಪದ ಬರಲು ಕಾರಣನಾದವನು, ತನ್ನ ದನಗಳಿಗೆ ಮುದ್ರೆ ಒತ್ತದೆ ಬಿಟ್ಟ ಈತನ ಅಜ್ಜ.

ಅಡುಗೆಮನೆಯಿಂದ ಬಂದವೂ ಇವೆ. ‘ಹಾಗ್‌ವಾಶ್’ ಮೊದಲಿಗೆ ಹಂದಿಗೆ ಸುರಿಯುವ ಮುಸುರೆ. ‘ಬಾಲ್ಡರ್‌ಡ್ಯಾಶ್’ 17ನೇ ಶತಮಾನದಲ್ಲಿ ಹಾಲಿಗೆ ಬಿಯರು, ಬಿಯರಿಗೆ ವೈನು ಸುರಿದ ಕಲಬೆರಕೆ. ‘ಬಾಶ್’ ಮಾತ್ರ ಅಡುಗೆಮನೆಯದಲ್ಲ, ತುರ್ಕಿ ಭಾಷೆಯದು, ಖಾಲಿ ಎಂದರ್ಥ. ಜೇಮ್ಸ್ ಮೋರಿಯರ್ ಎಂಬ ರಾಜತಾಂತ್ರಿಕನ 1834ರ ಕಾದಂಬರಿಯಿಂದ ಇಂಗ್ಲಿಷಿನಲ್ಲಿ ಹರಡಿತು.

ಇನ್ನು ‘ಕಾಡ್ಸ್‌ವಾಲಪ್’. ಇದರ ಕತೆಗೆ ನಮ್ಮ ಗೋಲಿ ಸೋಡಾದ ನಂಟಿದೆ. 1870ರ ದಶಕದ ಆರಂಭದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಈ ಬಾಟಲಿಗೆ ಪೇಟೆಂಟ್ ಪಡೆದ. ತಲೆಕೆಳಗಾಗಿ ಹಿಡಿದು ಸೋಡಾ ತುಂಬಿದರೆ ಒಳಗಿನ ಗ್ಯಾಸಿನ ಒತ್ತಡ ಗೋಲಿಯನ್ನು ಬಾಯಿಯ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಗೋಲಿಯನ್ನು ಒಳಕ್ಕೆ ತಳ್ಳಿದರೆ ಕೀಂ ಎಂದು ಗ್ಯಾಸು ಹೊರಟು ಅದು ಕತ್ತಿನೊಳಗೆ ಇಳಿಯುತ್ತದೆ. ಅಲ್ಲಿನ ಎರಡು ತಗ್ಗುಗಳು ಕುಡಿಯುವಾಗ ಅದು ಮತ್ತೆ ಬಾಯಿಗೆ ಅಡ್ಡ ಬರದಂತೆ ತಡೆಯುತ್ತವೆ. ‘ವಾಲಪ್’ ಎಂದರೆ ಆಡುಮಾತಿನಲ್ಲಿ ಬಿಯರು. ಕುಡುಕರು ಸೋಡಾವನ್ನು ‘ಕಾಡ್‌ನ ವಾಲಪ್’ ಎಂದು ಗೇಲಿ ಮಾಡಿದರು, ಸಪ್ಪೆ ಸರಕಿಗೆಲ್ಲ ಅದೇ ಹೆಸರಾಯಿತು ಎನ್ನುತ್ತದೆ ಕತೆ. ಕೇಳಲು ಸೊಗಸಾಗಿದೆ. ಆದರೆ ಕಾಡ್ ತೀರಿಕೊಂಡದ್ದು 1887ರಲ್ಲಿ. ಬಿಯರಿಗೆ ವಾಲಪ್ ಎನ್ನತೊಡಗಿದ್ದು 20ನೇ ಶತಮಾನದಲ್ಲಿ. ಕಾಡ್ಸ್‌ವಾಲಪ್ ಬರಹದಲ್ಲಿ ಮೊದಲು ಸಿಗುವುದು 1959ರಲ್ಲಿ, ಬಿಬಿಸಿಯ ‘ಹ್ಯಾನ್‌ಕಾಕ್ಸ್ ಹಾಫ್ ಅವರ್’ ಎಂಬ ಹಾಸ್ಯ ಕಾರ್ಯಕ್ರಮದ ಸಂಭಾಷಣೆಯಲ್ಲಿ. ಇಷ್ಟು ಬಳಕೆಯ ಮಾತು ಎಪ್ಪತ್ತು ವರ್ಷ ಯಾರ ಲೇಖನಿಗೂ ಸಿಗದೆ ಇದ್ದೀತೆ? ನಿಘಂಟಿನವರು ಆ ಪದದ ಮುಂದೆ ‘ಮೂಲ ತಿಳಿಯದು’ ಎಂದಷ್ಟೇ ಬರೆಯುತ್ತಾರೆ. ಗೋಲಿಯ ಕತೆ ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಲೇ ಇದೆ.