ಕಂತಿನ ಹಿಂದೆ ಅಡಗಿರುವ ಬೆಲೆ

ಸಾಲ ಮಾಡುವ ತೀರ್ಮಾನವು ಇಂದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಮೇಲೆ ನಿಂತಿರುತ್ತದೆ: ತಿಂಗಳಿಗೆ ಎಷ್ಟು ಕಟ್ಟಬೇಕು? ಮೊಬೈಲ್ ಅಂಗಡಿಯಲ್ಲಿರಲಿ, ಬೈಕಿನ ಷೋರೂಮಿನಲ್ಲಿರಲಿ, ವಸ್ತುವಿನ ಪೂರ್ಣ ಬೆಲೆಯೂ ಬಡ್ಡಿಯ ದರವೂ ಹಿಂದೆ ಸರಿದು ಕಂತಿನ ಮೊತ್ತವೇ ಮುಂದೆ ಬರುತ್ತದೆ. ಅದು ಸಂಬಳದೊಳಗೆ ಹಿಡಿಸುವುದಾದರೆ ಸಾಲವೂ ಕೈಗೆಟಕುವಂತೆ ತೋರುತ್ತದೆ. ಆದರೆ ಅವಧಿಯನ್ನು ಹಿಗ್ಗಿಸಿದರೆ ಯಾವ ಬೆಲೆಯನ್ನಾದರೂ ಚಿಕ್ಕ ಕಂತುಗಳಾಗಿ ಒಡೆಯಬಹುದಾದ್ದರಿಂದ, ಸಾಲ ಅಗ್ಗವೋ ದುಬಾರಿಯೋ ಎಂಬುದನ್ನು ಕಂತು ತಿಳಿಸುವುದೇ ಇಲ್ಲ. ಖರ್ಚಿನ ಶಿಸ್ತನ್ನು ಆಸೆ ಅದುಮಿಡುವ ಮನೋಬಲವೆಂದು ತಿಳಿಯುವ ರೂಢಿಯಿದ್ದರೂ, ಅದರ ಬಹುಪಾಲು ಲೆಕ್ಕದ ಅಭ್ಯಾಸವೇ ಆಗಿದೆ.

ಬಡ್ಡಿಯನ್ನು ಹೇಳುವ ಬಗೆಗಳು ಹಲವಿರುವುದರಿಂದ ಈ ಲೆಕ್ಕ ತಪ್ಪುವುದು ಸುಲಭ. ಊರಿನ ಕೈಸಾಲದಲ್ಲಿ ದರವನ್ನು ತಿಂಗಳ ಮೇಲೆ 'ನೂರಕ್ಕೆ ಮೂರು' ಎನ್ನುತ್ತಾರೆ. ಕಿವಿಗೆ ಹಗುರವಾದ ಈ ಮೂರು ರೂಪಾಯಿ ವರ್ಷಕ್ಕೆ ಶೇ. 36 ಆಗುತ್ತದೆ. ಫ್ಲಾಟ್ ದರವೆಂಬುದು ಇನ್ನೂ ಸೂಕ್ಷ್ಮ: ಕಂತು ಕಟ್ಟಿದಂತೆಲ್ಲ ಅಸಲು ಕರಗುತ್ತಿದ್ದರೂ ಬಡ್ಡಿಯನ್ನು ಮಾತ್ರ ಕೊನೆಯವರೆಗೂ ಮೊದಲ ದಿನದ ಅಸಲಿನ ಮೇಲೆಯೇ ಹಾಕುವ ಕ್ರಮವಿದು. ಶೇ. 12ರ ಫ್ಲಾಟ್ ದರದಲ್ಲಿ 1,00,000 ರೂಪಾಯಿಯನ್ನು ಒಂದು ವರ್ಷಕ್ಕೆ ಪಡೆದವರು ತಿಂಗಳಿಗೆ 9,333 ರೂಪಾಯಿಯಂತೆ ಒಟ್ಟು 1,12,000 ರೂಪಾಯಿ ಕಟ್ಟುತ್ತಾರೆ. ಆದರೆ ಆ ವರ್ಷದಲ್ಲಿ ಅವರ ಕೈಯಲ್ಲಿದ್ದ ಸಾಲ ಸರಾಸರಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಆದುದರಿಂದ, ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ಇದೇ ಸಾಲದ ದರ ಶೇ. 21ನ್ನು ದಾಟುತ್ತದೆ. ಇಂಥ ಗೊಂದಲ ತಪ್ಪಿಸಲೆಂದು ಭಾರತೀಯ ರಿಸರ್ವ್ ಬ್ಯಾಂಕ್, 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಅವಧಿ ಸಾಲಗಳಿಗೆ, ಮುಖ್ಯಾಂಶಗಳ ಹೇಳಿಕೆಯೊಂದನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ವಿಧಿಸಿದೆ. ಬಡ್ಡಿಯ ಜೊತೆಗೆ ಸಂಸ್ಕರಣಾ ಶುಲ್ಕದಂಥ ವೆಚ್ಚಗಳನ್ನೂ ಸೇರಿಸಿದ ವಾರ್ಷಿಕ ಶೇಕಡಾವಾರು ದರ, ಅಂದರೆ ಎಪಿಆರ್, ಅದರಲ್ಲಿ ನಮೂದಾಗಿರಬೇಕು. ಎರಡು ಸಾಲಗಳನ್ನು ಹೋಲಿಸಲು ಇದಕ್ಕಿಂತ ನೇರವಾದ ಅಂಕಿ ಇಲ್ಲವಾದ್ದರಿಂದ, ಅದನ್ನು ಕನ್ನಡದಲ್ಲಿ ಕೇಳಿ ಪಡೆಯಲು ಗ್ರಾಹಕರು ಸಂಕೋಚಪಡಬೇಕಾಗಿಲ್ಲ.

ಕ್ರೆಡಿಟ್ ಕಾರ್ಡಿನ ಬಾಕಿ ಮಾತ್ರ ಈ ನಿಯಮದ ಹೊರಗಿದೆ. ಬಿಲ್ಲನ್ನು ಗಡುವಿನೊಳಗೆ ಪೂರ್ಣವಾಗಿ ಕಟ್ಟುವವರಿಗೆ ಕಾರ್ಡು ಕೆಲವು ವಾರಗಳ ಬಡ್ಡಿರಹಿತ ಸೌಲಭ್ಯವಾದರೆ, ಬಿಲ್ಲಿನಲ್ಲಿ ನಮೂದಾಗುವ 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟುವವರಿಗೆ ಅದೇ ಅತ್ಯಂತ ದುಬಾರಿ ಸಾಲಗಳಲ್ಲೊಂದಾಗುತ್ತದೆ. ಉದಾಹರಣೆಗೆ, ಬಾಕಿ 50,000 ರೂಪಾಯಿ, ಬಡ್ಡಿ ತಿಂಗಳಿಗೆ ಶೇ. 3.5, ಕನಿಷ್ಠ ಮೊತ್ತ ಬಾಕಿಯ ಶೇ. 5 ಎಂದಿಟ್ಟುಕೊಂಡರೆ, ಮೊದಲ ತಿಂಗಳು ಕಟ್ಟುವ 2,500 ರೂಪಾಯಿಯಲ್ಲಿ 1,750 ಬಡ್ಡಿಗೂ, ಆ ಬಡ್ಡಿಯ ಮೇಲಿನ ಶೇ. 18ರ ಜಿಎಸ್‌ಟಿಯಾಗಿ 315 ತೆರಿಗೆಗೂ ಹೋಗಿ, ಅಸಲಿಗೆ ಜಮೆಯಾಗುವುದು 435 ರೂಪಾಯಿ ಮಾತ್ರ. ಹೊಸದಾಗಿ ಒಂದು ಪೈಸೆಯನ್ನೂ ಖರ್ಚು ಮಾಡದೆ ಹೀಗೆಯೇ ಕಟ್ಟುತ್ತ ಹೋದರೂ, ಸುಮಾರು ಆರೂವರೆ ವರ್ಷಗಳಲ್ಲಿ 1,40,000 ರೂಪಾಯಿಗೂ ಮಿಗಿಲಾಗಿ ತೆತ್ತ ಮೇಲೆ ಮೂಲ ಬಾಕಿಯ ಅರ್ಧದಷ್ಟು ಹಾಗೆಯೇ ಉಳಿದಿರುತ್ತದೆ. ಕನಿಷ್ಠ ಮೊತ್ತ ಕಟ್ಟುವುದು ದಂಡವನ್ನು ತಪ್ಪಿಸುತ್ತದೆ, ಬಡ್ಡಿಯನ್ನಲ್ಲ. 'ಬಡ್ಡಿಯಿಲ್ಲದ ಕಂತು' ಎಂಬ ಜಾಹೀರಾತನ್ನೂ ಇದೇ ಎಚ್ಚರದಿಂದ ಓದಬೇಕು: ನಗದಿಗೆ ಸಿಗಬಹುದಾಗಿದ್ದ ರಿಯಾಯಿತಿಯೇ ಅಲ್ಲಿ ಬಡ್ಡಿಯ ವೇಷ ತೊಟ್ಟಿರಬಹುದು.

ಸಾಲವನ್ನು ದೂರವಿಡುವ ಯತ್ನ ಕುಸಿಯುವುದು ದುಂದುಗಾರಿಕೆಗಿಂತ ಹೆಚ್ಚಾಗಿ, ಬರುವುದು ಖಚಿತವಾಗಿದ್ದರೂ ದಿಢೀರನೆ ಬಂದವೆಂಬಂತೆ ಎದುರಿಸಲಾಗುವ ಖರ್ಚುಗಳಿಂದ. ಜೂನ್ ತಿಂಗಳಿನ ಶಾಲಾ ಶುಲ್ಕ, ವಾಹನದ ವಿಮೆ, ದೀಪಾವಳಿಯ ಬಟ್ಟೆ, ಊರಿನ ಜಾತ್ರೆ, ಬಂಧುಗಳ ಮದುವೆಗೆ ಮಾಡುವ ಮುಯ್ಯಿ ಇವೆಲ್ಲ ತಿಂಗಳ ಆಯವ್ಯಯದಲ್ಲಿ ಕಾಣಿಸದಿದ್ದರೂ ವರ್ಷದ ಲೆಕ್ಕದಲ್ಲಿ ಇದ್ದೇ ಇರುತ್ತವೆ. ಇವುಗಳ ಮೊತ್ತ 72,000 ರೂಪಾಯಿಯಾಗುವ ಕುಟುಂಬ, ಸಂಬಳ ಬಂದ ದಿನವೇ 6,000 ರೂಪಾಯಿ ಬೇರೆ ಖಾತೆಗೆ ಹೋಗುವಂತೆ, ಉದಾಹರಣೆಗೆ ಬ್ಯಾಂಕಿನ ಒಂದು ವರ್ಷದ ಆವರ್ತ ಠೇವಣಿಗೆ, ಅಂದರೆ ಆರ್‌ಡಿಗೆ ತಾನಾಗಿಯೇ ಜಮೆಯಾಗುವಂತೆ ಏರ್ಪಾಡು ಮಾಡಿಕೊಂಡರೆ, ಉಳಿದದ್ದರಲ್ಲಿ ಬದುಕುವುದು ಸಹಜವಾಗುತ್ತದೆ. ಖರ್ಚೆಲ್ಲ ಮುಗಿದ ಮೇಲೆ ಉಳಿದದ್ದನ್ನು ಕೂಡಿಡುವ ಕ್ರಮದಲ್ಲಿ ಸಾಮಾನ್ಯವಾಗಿ ಏನೂ ಉಳಿಯುವುದಿಲ್ಲ. ಅಡಿಕೆ, ಕಾಫಿ, ರಾಗಿ ಬೆಳೆಯುವವರ ಕಷ್ಟ ಇದಕ್ಕೆ ವಿರುದ್ಧವಾದದ್ದು. ಅವರಿಗೆ ಖರ್ಚು ತಿಂಗಳು ತಿಂಗಳೂ ಬಂದರೆ ಆದಾಯ ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುವುದರಿಂದ, ಮಾರಾಟದ ಹಣ ಕೈಸೇರಿದ ವಾರದಲ್ಲೇ ಅದನ್ನು ಮುಂದಿನ ಫಸಲಿನವರೆಗಿನ ತಿಂಗಳುಗಳಿಗೆ ಪಾಲು ಮಾಡಿಡದಿದ್ದರೆ, ಕೊನೆಯ ತಿಂಗಳುಗಳು ಕೈಸಾಲದ ಮೇಲೆಯೇ ಸಾಗಬೇಕಾಗುತ್ತದೆ. ಕಾಯಿಲೆ, ಕೆಲಸ ಹೋಗುವುದು ಮೊದಲಾದ ನಿಜವಾದ ಆಕಸ್ಮಿಕಗಳಿಗೆ ಕೆಲವು ತಿಂಗಳ ಮನೆಖರ್ಚಿನಷ್ಟು ಹಣ ಇವೆರಡಕ್ಕೂ ಸೇರದೆ ಪ್ರತ್ಯೇಕವಾಗಿರಬೇಕು.

ಈಗಾಗಲೇ ಹಲವು ಸಾಲ ಹೊತ್ತವರು ದೊಡ್ಡ ಸಾಲಕ್ಕಿಂತ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವುದು ಲಾಭಕರ. ಕಿರುಸಾಲ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ವಿಧಿಸಿದ ನಿಯಮದಂತೆ ಕುಟುಂಬದ ಎಲ್ಲ ಸಾಲಗಳ ಕಂತು ಅದರ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಆದರೆ ಇದು ಸಾಲ ಕೊಡುವವರಿಗೆ ಹಾಕಿದ ಮೇಲ್ಮಿತಿಯೇ ಹೊರತು ಆರೋಗ್ಯಕರ ಸಾಲದ ಅಳತೆಯಲ್ಲ.

ಲೇವಾದೇವಿಗಾರರ ಬಡ್ಡಿಗೆ ಪರ್ಯಾಯವಾಗಿ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಇಂದು ಕರ್ನಾಟಕದ ಸಹಕಾರ ಸಂಘಗಳು ಕೊಡುವ ಶೂನ್ಯ ಬಡ್ಡಿಯ ಬೆಳೆಸಾಲವೂ ಗಡುವಿನೊಳಗೆ ಮರುಪಾವತಿ ಮಾಡುವವರಿಗಷ್ಟೇ ಶೂನ್ಯ ಬಡ್ಡಿಯದಾಗಿ ಉಳಿಯುತ್ತದೆ. ಇಂಥ ಸಂಘಗಳಲ್ಲಿ ನೆರೆಯವರ, ಸಹೋದ್ಯೋಗಿಗಳ ಸಾಲಕ್ಕೆ ದಾಕ್ಷಿಣ್ಯದಿಂದ ಹಾಕುವ ಜಾಮೀನಿನ ರುಜುವನ್ನು ಅನೇಕರು ಸಾಕ್ಷಿಯ ರುಜುವೆಂದೇ ಭಾವಿಸುತ್ತಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೆಯ ಕಲಮಿನಂತೆ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಸಾಲಗಾರರಿಂದ ವಸೂಲಿಯ ಎಲ್ಲ ದಾರಿಗಳು ಮುಗಿಯುವವರೆಗೆ ಕಾಯದೆ ಸಾಲ ಕೊಟ್ಟ ಸಂಸ್ಥೆ ನೇರವಾಗಿ ಜಾಮೀನುದಾರರನ್ನೇ ಕೇಳಬಹುದು.