ಸರಿಜೋಡಿ

ಮೈಸೂರಿನಲ್ಲಿ ದಸರಾ ಸಮೀಪಿಸಿತೆಂದರೆ ಗರಡಿಮನೆಗಳಲ್ಲಿ ಹೊಸ ಹುರುಪು ಮೂಡುತ್ತದೆ. ಕುಸ್ತಿಗೆ ಮುನ್ನ ಪೈಲ್ವಾನರೆಲ್ಲ ಒಂದೆಡೆ ಕೂಡುತ್ತಾರೆ. ಹಿರಿಯ ಉಸ್ತಾದರು ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಅವರ ವಯಸ್ಸು, ಮೈತೂಕ, ಹಿಂದೆ ಆಡಿದ ಕುಸ್ತಿಗಳ ಅನುಭವ ಇವುಗಳನ್ನೆಲ್ಲ ಅಳೆದು ತೂಗಿ ಯಾರಿಗೆ ಯಾರೆಂಬುದನ್ನು ನಿಶ್ಚಯಿಸುತ್ತಾರೆ. ಇದಕ್ಕೆ ಜೋಡಿ ಕಟ್ಟುವುದೆಂದು ಹೆಸರು. ನೋಡುವವರ ಕಣ್ಣೆಲ್ಲ ಕೆಮ್ಮಣ್ಣಿನ ಅಖಾಡದ ಮೇಲಿರುತ್ತದೆಯಾದರೂ ಕುಸ್ತಿಯ ಸೊಗಸು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಕೂಟದಲ್ಲಿಯೇ. ಜೋಡಿ ತಪ್ಪಿದರೆ ಆಟ ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತದೆ. ಅಷ್ಟೇ ಅಲ್ಲ, ಎಳೆಯನೊಬ್ಬನ ಕತ್ತಿಗೋ ಮಂಡಿಗೋ ಬಾಳಿನುದ್ದಕ್ಕೂ ಉಳಿಯುವ ಪೆಟ್ಟು ಬೀಳಬಹುದು.

ಈ ವಿವೇಕ ಬಹು ಪ್ರಾಚೀನವಾದುದು. ಗ್ರೀಕರು ಒಲಿಂಪಿಯದ ಕ್ರೀಡೆಗಳಲ್ಲಿ ಕ್ರಿ.ಪೂ. 632ರಲ್ಲಿಯೇ ಬಾಲಕರಿಗೆ ಪ್ರತ್ಯೇಕ ಮಲ್ಲಯುದ್ಧವನ್ನು ಏರ್ಪಡಿಸಿದರು. ಆದರೆ ತೂಕಕ್ಕನುಗುಣವಾಗಿ ಮಲ್ಲರನ್ನು ವಿಂಗಡಿಸುವ ಪದ್ಧತಿ ಅವರಲ್ಲಿರಲಿಲ್ಲ. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ ಕ್ರೀಡೆಗಳಲ್ಲಿಯೂ ಅದಿರಲಿಲ್ಲ. ಅಲ್ಲಿ ಗೆದ್ದವನು ಕಾರ್ಲ್ ಶೂಮನ್ ಎಂಬ ಜರ್ಮನಿಯ ಕುಳ್ಳ ಅಂಗಸಾಧಕ. ಅವನಿಗೆ ಸೋತವರಲ್ಲಿ ಭಾರ ಎತ್ತುವ ಸ್ಪರ್ಧೆಯ ವಿಜೇತನಾದ ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟನೂ ಒಬ್ಬ. ಇದರಿಂದ ತೂಕಕ್ಕೆ ಬೆಲೆಯಿಲ್ಲವೆಂದು ಭಾವಿಸಲಾಗದು. ಕೌಶಲ ಸರಿಸಮವಾಗಿರುವಲ್ಲಿ ಭಾರವುಳ್ಳವನದೇ ಮೇಲುಗೈ. 1904ರ ಒಲಿಂಪಿಕ್ಸಿನಲ್ಲಿ ತೂಕದ ವರ್ಗಗಳು ಬಂದವು. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬ ಜಾಧವರು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕವನ್ನು ತಂದದ್ದು 57 ಕಿಲೋಗ್ರಾಂ ವರ್ಗದಲ್ಲಿ. ಆ ವರ್ಗವಿಲ್ಲದೆ ಅವರು ತಮಗಿಂತ ಎರಡು ಪಟ್ಟು ಭಾರದವರೊಡನೆ ಸೆಣಸಬೇಕಾಗಿ ಬಂದಿದ್ದರೆ ಆ ಪದಕದ ಮಾತೇ ಏಳುತ್ತಿರಲಿಲ್ಲ.

ಕೌಶಲವನ್ನು ತಕ್ಕಡಿಯಲ್ಲಿ ತೂಗುವಂತಿಲ್ಲ. ಜಪಾನಿನ ಕಾನೊ ಜಿಗೊರೊ ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. 1882ರಲ್ಲಿ ಜೂಡೊ ಶಾಲೆಯನ್ನು ತೆರೆದ ಅವರು ಮರುವರ್ಷವೇ ಇಬ್ಬರು ಶಿಷ್ಯರಿಗೆ ‘ಡಾನ್’ ಎಂಬ ದರ್ಜೆಯನ್ನು ನೀಡಿದರು. ಕಲಿಯುವವರ ಮೆಟ್ಟಿಲುಗಳಿಗೆ ‘ಕ್ಯೂ’ ಎಂದು ಹೆಸರು. ಸೊಂಟದ ಪಟ್ಟಿಯ ಬಣ್ಣವನ್ನು ನೋಡಿದೊಡನೆ ಎದುರಾಳಿಯ ಮಟ್ಟ ತಿಳಿಯುತ್ತದೆ. ಆದಕಾರಣ ಹೊಸಬನನ್ನು ನುರಿತವನಿಗೆ ಎದುರಾಗಿಸದಿರುವುದು ಸುಲಭ.

ವಯಸ್ಸಿನ ವಿಷಯ ಇನ್ನೂ ಸೂಕ್ಷ್ಮವಾದುದು. ಅಂತರರಾಷ್ಟ್ರೀಯ ಕುಸ್ತಿಯಲ್ಲಿ 15, 17, 20 ವರ್ಷಗಳ ಮಿತಿಯ ವರ್ಗಗಳೂ ವಯಸ್ಕರ ವರ್ಗವೂ ಇವೆ. ಬೆಳೆಯುವ ಮಕ್ಕಳ ಎಲುಬುಗಳ ತುದಿಗಳಲ್ಲಿ ಮೃದುವಾದ ಭಾಗವಿರುತ್ತದೆ. ಅಲ್ಲಿ ಏಟು ಬಿದ್ದರೆ ಬೆಳವಣಿಗೆಯೇ ಕುಂಠಿತವಾಗಬಹುದು. ಹದಿನಾಲ್ಕರ ಇಬ್ಬರು ಬಾಲಕರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಧ್ವನಿ ಕೂಡ ಒಡೆದಿರುವುದಿಲ್ಲ. ಜನನಪತ್ರವೊಂದನ್ನೇ ನಂಬಿದರೆ ಸಾಲದು; ಪ್ರತಿ ವಯೋವರ್ಗದೊಳಗೂ ತೂಕದ ಉಪವರ್ಗಗಳು ಅಗತ್ಯ.

ಆದರೆ ವರ್ಗವಿದ್ದಲ್ಲಿ ಅದರೊಳಗೆ ನುಸುಳುವ ಚಪಲವೂ ಇದ್ದೇ ಇರುತ್ತದೆ. ನೀರು ಕುಡಿಯದೆ, ಬೆವರು ಸುರಿಸಿ ಮೈತೂಕವನ್ನು ಇಳಿಸಿಕೊಂಡು ಕೆಳವರ್ಗಕ್ಕೆ ಸೇರುವವರಿದ್ದಾರೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗ ಕೆಲವೇ ವಾರಗಳ ಅಂತರದಲ್ಲಿ ಮೃತಪಟ್ಟರು. ಅನಂತರ ಅಲ್ಲಿನ ನಿಯಮಗಳು ಬಿಗಿಯಾದವು. ಈಗ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಟದ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ. ಪಂದ್ಯ ಎರಡನೆಯ ದಿನಕ್ಕೆ ಮುಂದುವರಿದರೆ ಮತ್ತೊಮ್ಮೆ ನೋಡುತ್ತಾರೆ. ಬೆಳೆಯುವ ಹುಡುಗನನ್ನು ಉಪವಾಸ ಕೆಡವಿ ಕೆಳಕ್ಕೆ ತಳ್ಳುವ ಶಿಕ್ಷಕನು ಗುರುವೆನಿಸಿಕೊಳ್ಳಲಾರನು.

ನಿಯಮದ ಕಾಠಿಣ್ಯಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಸಾಕ್ಷಿಯಾಯಿತು. ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿಗಳನ್ನು ಗೆದ್ದು 50 ಕಿಲೋಗ್ರಾಂ ವರ್ಗದ ಅಂತಿಮ ಪಂದ್ಯವನ್ನು ತಲುಪಿದ್ದರು. ಮರುದಿನ ಬೆಳಿಗ್ಗೆ ತಕ್ಕಡಿಯು 100 ಗ್ರಾಂ ಹೆಚ್ಚು ತೋರಿಸಿತು. ಅವರು ಅನರ್ಹರಾದರು, ಬೆಳ್ಳಿಯ ಪದಕಕ್ಕಾಗಿ ಸಲ್ಲಿಸಿದ ಮನವಿಯನ್ನು ಕ್ರೀಡಾ ನ್ಯಾಯಮಂಡಳಿಯು ತಳ್ಳಿಹಾಕಿತು.